ವಿಧಾನಮಂಡಲದ ಪರಿಭಾಷೆ

ವಿಧಾನಮಂಡಲದ ಅಧಿವೇಶನ ಆರಂಭವಾದೊಡನೆ ವೃತ್ತಪತ್ರಿಕೆಗಳಲ್ಲಿ ನಿಲುವಳಿ ಸೂಚನೆ, ಧ್ವನಿಮತ, ಧನವಿನಿಯೋಗ ಮೊದಲಾದ ಮಾತುಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಓದುವವರಲ್ಲಿ ಅನೇಕರು ಇವುಗಳನ್ನು ದಾಟಿ ಮುಂದೆ ಹೋಗುತ್ತಾರೆ. ವ್ಯಾಕರಣದಲ್ಲಿ ಸಂಜ್ಞಾಪ್ರಕರಣವನ್ನು ಬಿಟ್ಟು ಸಂಧಿಪ್ರಕರಣಕ್ಕೆ ಹಾರಿದವನಿಗೆ ಯಾವ ಗತಿಯೋ, ಪರಿಭಾಷೆಯನ್ನು ಅರಿಯದೆ ಶಾಸನಸಭೆಯ ವಾರ್ತೆಯನ್ನು ಓದುವವನಿಗೂ ಅದೇ ಗತಿ. ಈ ಪದಗಳಲ್ಲಿ ಒಂದೊಂದೂ ಅಧಿಕಾರಕ್ಕೆ ಹಾಕಿದ ಒಂದೊಂದು ಅಂಕೆಯಾಗಿದೆ. ನಾಳೆ ಮತದಾರರಾಗುವ ವಿದ್ಯಾರ್ಥಿಗಳು ಅರಿತಿರಲೇಬೇಕಾದ ಕೆಲವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ರಾಜ್ಯದ ವಿಧಾನಮಂಡಲಕ್ಕೆ ಎರಡು ಸದನಗಳುಂಟು. ವಿಧಾನಸಭೆಯಲ್ಲಿ 224 ಮಂದಿ ಚುನಾಯಿತ ಸದಸ್ಯರು, ವಿಧಾನ ಪರಿಷತ್ತಿನಲ್ಲಿ 75 ಮಂದಿ ಸದಸ್ಯರು ಇರುತ್ತಾರೆ. ಸಭೆಯ ಪೀಠದಲ್ಲಿ ಕುಳಿತವರು ಸಭಾಧ್ಯಕ್ಷರು, ಪರಿಷತ್ತಿನ ಪೀಠದಲ್ಲಿ ಕುಳಿತವರು ಸಭಾಪತಿಗಳು. ಅಧ್ಯಕ್ಷ ಶಬ್ದಕ್ಕೆ ಮೇಲಿನಿಂದ ನೋಡಿಕೊಳ್ಳುವವನೆಂದೂ, ಪತಿ ಶಬ್ದಕ್ಕೆ ರಕ್ಷಿಸುವವನೆಂದೂ ಅರ್ಥ. ನೋಡಿಕೊಳ್ಳುವುದು, ರಕ್ಷಿಸುವುದು ಎಂಬ ಈ ಎರಡು ಕರ್ತವ್ಯಗಳೂ ಇಬ್ಬರಿಗೂ ಸಲ್ಲುತ್ತವೆ. ಪೀಠದಲ್ಲಿರುವವರು ಮೊದಲಿಗೆ ಮತ ಹಾಕುವಂತಿಲ್ಲ. ಮತಗಳು ಸಮಸಮವಾದಾಗ ಮಾತ್ರ ತಮ್ಮ ನಿರ್ಣಾಯಕ ಮತವನ್ನು ಚಲಾಯಿಸುತ್ತಾರೆ.

ಸಭೆ ಸೇರಿತೆನ್ನಲು ಕೋರಂ ಇರಬೇಕು. ಸಂವಿಧಾನದ 189ನೆಯ ಅನುಚ್ಛೇದದಂತೆ 10 ಮಂದಿ ಅಥವಾ ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಹಾಜರಿ ಅವಶ್ಯ. ಈ ಲೆಕ್ಕದಲ್ಲಿ ವಿಧಾನಸಭೆಗೆ 23 ಮಂದಿ ಬೇಕು. ಪರಿಷತ್ತಿನ ಹತ್ತನೆಯ ಒಂದು ಭಾಗ ಏಳೂವರೆಯಾಗುವುದರಿಂದ ಅಲ್ಲಿ 10 ಮಂದಿ ಬೇಕು. ಕೋರಂ ಇಲ್ಲದಾಗ ಎಷ್ಟೇ ದೊಡ್ಡ ಮಂತ್ರಿಯೂ ಕಾರ್ಯಕಲಾಪವನ್ನು ನಡೆಸಲಾರನು.

ಜನರು ಒಂದಕ್ಕೊಂದು ಬೆರೆಸಿ ಆಡುವ ಮೂರು ಪದಗಳಿವೆ. ಆ ದಿನದ ಸಭೆಯನ್ನು ಬೇರೊಂದು ವೇಳೆಗೆ ನಿಲ್ಲಿಸುವುದು ಮುಂದೂಡಿಕೆ. ಇದು ಪೀಠದ ಅಧಿಕಾರ. ಅಧಿವೇಶನವನ್ನೇ ಕೊನೆಗಾಣಿಸುವುದು ಮುಕ್ತಾಯ. ಇದು ರಾಜ್ಯಪಾಲರ ಆದೇಶದಿಂದ ಆಗುವಂಥದು. ಸದನದ ಆಯುಸ್ಸನ್ನೇ ಮುಗಿಸಿ ಹೊಸ ಚುನಾವಣೆಗೆ ದಾರಿ ಮಾಡುವುದು ವಿಸರ್ಜನೆ. ವಿಸರ್ಜನೆ ವಿಧಾನಸಭೆಗೆ ಮಾತ್ರ ಉಂಟು; ಪರಿಷತ್ತು ಸ್ಥಿರಸದನ, ಅದರ ಮೂರನೆಯ ಒಂದು ಭಾಗದಷ್ಟು ಸದಸ್ಯರು ಎರಡು ವರ್ಷಗಳಿಗೊಮ್ಮೆ ನಿವೃತ್ತರಾಗುತ್ತಾರೆ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ 6 ತಿಂಗಳ ಅಂತರ ಬೀಳಕೂಡದೆಂಬುದು ಸಂವಿಧಾನದ ಕಟ್ಟಳೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ, ಸದಸ್ಯರು ದಿವಾನರ ವರದಿಯನ್ನು ಕೇಳಿ ತಮ್ಮ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಂದಿನ ಅರಿಕೆಯ ಸ್ಥಾನದಲ್ಲಿ ಇಂದು ಪ್ರಶ್ನೆ ನಿಂತಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಅದರ ಬೆನ್ನಿಗೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಒಂದು ಚುಕ್ಕೆಯ ಬೆಲೆ ಇಷ್ಟು ದೊಡ್ಡದು!

ನಿಲುವಳಿ ಎಂಬುದು 'ನಿಲ್' ಧಾತುವಿನಿಂದ ಬಂದ ಅಚ್ಚಗನ್ನಡ ಪದ. ತುರ್ತಾದ ಸಾರ್ವಜನಿಕ ಮಹತ್ವದ ವಿಷಯವೊಂದಕ್ಕಾಗಿ ಅಂದಿನ ಕಾರ್ಯಕಲಾಪವನ್ನೇ ನಿಲ್ಲಿಸಿ ಚರ್ಚಿಸಬೇಕೆಂಬ ಕೋರಿಕೆ ಅದರಲ್ಲಿದೆ. ವಿಧಾನಸಭೆಯ ನಿಯಮ 60ರಡಿ ತಂದ ಇಂಥ ಸೂಚನೆಯನ್ನು ನಿಯಮ 69ರಡಿ ಚರ್ಚೆಗೆ ಪರಿವರ್ತಿಸಲಾಯಿತೆಂದು ನಾವು ಆಗಾಗ ಓದುತ್ತೇವೆ. ನಿಯಮ 69ರದು ಅಲ್ಪಾವಧಿಯ ಚರ್ಚೆ. ಚರ್ಚೆ ಎರಡರಲ್ಲೂ ನಡೆಯುತ್ತದೆ. ಆದರೆ ಮೊದಲನೆಯದರಲ್ಲಿ ಸರ್ಕಾರದ ಮೇಲಿನ ಆಕ್ಷೇಪಣೆಯ ಮೊನೆ ಇರುತ್ತದೆ, ಎರಡನೆಯದರಲ್ಲಿ ಅದು ಇರುವುದಿಲ್ಲ.

ಇನ್ನು ಶಾಸನರಚನೆ. ಸದನದ ಮುಂದಿರುವ ಕರಡು ವಿಧೇಯಕ. ಎರಡೂ ಸದನಗಳನ್ನು ದಾಟಿ ಅನುಮತಿ ಪಡೆದ ಮೇಲೆ ಅದು ಅಧಿನಿಯಮ. ಮಂಡನೆ, ಪರ್ಯಾಲೋಚನೆ, ಅಂಗೀಕಾರ ಇವು ಸದನದಲ್ಲಿ ಅದು ಹತ್ತುವ ಮೆಟ್ಟಿಲುಗಳು. ಪರ್ಯಾಲೋಚನೆ ಎಂದರೆ ಸುತ್ತಲಿಂದಲೂ ಆಲೋಚಿಸುವುದು. ಖಂಡ ಖಂಡವಾಗಿ ಪರೀಕ್ಷಿಸಿ ತಿದ್ದುಪಡಿಗಳನ್ನು ತೀರ್ಮಾನಿಸುವ ಘಟ್ಟವಿದು. ಗದ್ದಲದ ನಡುವೆ ಕೆಲವೇ ನಿಮಿಷಗಳಲ್ಲಿ ವಿಧೇಯಕವೊಂದು ಧ್ವನಿಮತದಿಂದ ಅಂಗೀಕೃತವಾದಾಗ ನಿಯಮಕ್ಕೆ ಭಂಗ ಬಾರದಿರಬಹುದು. ಆದರೆ ಆ ಶಬ್ದದ ಅರ್ಥಕ್ಕೆ ಭಂಗ ಬಂದಿರುತ್ತದೆ.

ಅಧ್ಯಾದೇಶವನ್ನು ಜನರು ಸುಗ್ರೀವಾಜ್ಞೆ ಎನ್ನುತ್ತಾರೆ. ಸೀತಾನ್ವೇಷಣೆಗೆ ಹೊರಟ ಕಪಿಗಳು ಒಂದು ತಿಂಗಳೊಳಗೆ ಮರಳದಿದ್ದರೆ ಮರಣದಂಡನೆ ಎಂದು ಸುಗ್ರೀವನು ಕಟ್ಟಪ್ಪಣೆ ಮಾಡಿದ ಕಥೆಯಿಂದ ಬಂದ ಹೆಸರಿದು. ಅಲ್ಲಿ ಗಡುವು ಬಿದ್ದದ್ದು ಸೇವಕರ ಮೇಲೆ. ಸಂವಿಧಾನದ 213ನೆಯ ಅನುಚ್ಛೇದದಲ್ಲಿ ಗಡುವು ಬೀಳುವುದು ಆಜ್ಞೆಯ ಮೇಲೆಯೇ. ಎರಡೂ ಸದನಗಳು ಅಧಿವೇಶನದಲ್ಲಿರುವಾಗ ಅದನ್ನು ಹೊರಡಿಸುವಂತಿಲ್ಲ. ವಿಧಾನಮಂಡಲ ಮತ್ತೆ ಸೇರಿದ 6 ವಾರಗಳ ಬಳಿಕ ಅದು ತಾನಾಗಿ ಅಳಿಯುತ್ತದೆ. ಪೌರಾಣಿಕ ನಾಮವನ್ನು ಉಳಿಸಿಕೊಂಡ ನಾವು ಈ ಭೇದವನ್ನು ಮರೆಯಬಾರದು.

ಹಣದ ವಿಷಯದಲ್ಲಿ ಪದಗಳು ಇನ್ನೂ ಮಾರ್ಮಿಕವಾಗಿವೆ. ಆಯವ್ಯಯ ಮಂಡನೆಯಾದ ಮೇಲೆ ಸರ್ಕಾರ ವಿಧಾನಸಭೆಯ ಮುಂದಿಡುವುದು ಅನುದಾನಗಳ ಬೇಡಿಕೆಯನ್ನು. ಬೊಕ್ಕಸದ ಕೀಲಿಕೈ ಹಿಡಿದವನೂ ಇಲ್ಲಿ ಬೇಡಬೇಕು. ಬಳಿಕ ಧನವಿನಿಯೋಗ ವಿಧೇಯಕ ಅಂಗೀಕೃತವಾಗಬೇಕು. ವರ್ಷಾರಂಭಕ್ಕೆ ಮುನ್ನ ಇದು ಪೂರ್ಣವಾಗದಿದ್ದರೆ ಕೆಲವು ತಿಂಗಳ ಖರ್ಚಿಗಾಗಿ ಪಡೆಯುವ ಒಪ್ಪಿಗೆಯೇ ಲೇಖಾನುದಾನ. ಹಣಕಾಸು ವಿಧೇಯಕವನ್ನು ಪರಿಷತ್ತು 14 ದಿನಗಳಿಗಿಂತ ಹೆಚ್ಚು ತಡೆಹಿಡಿಯಲಾರದು.

ಸರ್ಕಾರದ ಅಳಿವು ಉಳಿವು ತೀರ್ಮಾನವಾಗುವುದು ವಿಶ್ವಾಸಮತದಲ್ಲಿ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದುದನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ತೀರ್ಪಿತ್ತು, ಬಹುಮತದ ಪರೀಕ್ಷೆಗೆ ಸದನವೇ ತಕ್ಕ ಸ್ಥಳವೆಂದು ಹೇಳಿತು. ಕನ್ನಡನಾಡಿನಲ್ಲಿ ಹುಟ್ಟಿದ ವಿವಾದ ಹೀಗೆ ದೇಶಕ್ಕೇ ನಿಯಮವಾಯಿತು. 2019ರ ಜುಲೈ 18ರಂದು ಎಚ್. ಡಿ. ಕುಮಾರಸ್ವಾಮಿಯವರು ಮಂಡಿಸಿದ ವಿಶ್ವಾಸಮತದ ಪ್ರಸ್ತಾವವು 23ರಂದು ಮತಕ್ಕೆ ಬಿದ್ದಾಗ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಂದವು, ಸರ್ಕಾರ ಬಿದ್ದಿತು. ಧ್ವನಿಮತದಲ್ಲಿ 'ಹೌದು', 'ಇಲ್ಲ' ಎಂಬ ಕೂಗು ಕೇಳುತ್ತದೆ. ತಲೆ ಎಣಿಸಿದಾಗ ಯಾರು ಎಲ್ಲಿ ನಿಂತರೆಂಬುದು ಜನರಿಗೆ ತಿಳಿಯುತ್ತದೆ.

ವಿದ್ಯಾರ್ಥಿಗಳೇ, ಮುಂದಿನ ಅಧಿವೇಶನದ ವಾರ್ತೆಯನ್ನು ಓದುವಾಗ ಈ ಪದಗಳನ್ನು ನೆನೆಯಿರಿ. ನಿಮ್ಮ ತಾಲ್ಲೂಕಿನ ಪ್ರತಿನಿಧಿ ಎಷ್ಟು ಪ್ರಶ್ನೆಗಳನ್ನು ಕೇಳಿದರು, ವಿಧೇಯಕ ಪರ್ಯಾಲೋಚನೆಗೊಂಡಿತೇ, ಕೋರಂ ಇಲ್ಲದೆ ಸಭೆ ನಿಂತಿತೇ ಎಂದು ವಿಚಾರಿಸಿರಿ. ಪದದ ಅರ್ಥ ಬಲ್ಲ ಪ್ರಜೆಗೆ ಸಬೂಬು ಹೇಳಿ ಜಾರಿಕೊಳ್ಳುವುದು ಯಾವ ಪ್ರತಿನಿಧಿಗೂ ಸುಲಭವಲ್ಲ.