ಅತ್ತಿಯ ಮರದ ಒಕ್ಕಲು

ನೋಡಲು ಸೊಗಸು, ಒಡೆದರೆ ಹುಳು ಎಂದು ಅತ್ತಿಯ ಹಣ್ಣನ್ನು ನಮ್ಮ ಜನರು ಬಹುಕಾಲದಿಂದ ಹಳಿಯುತ್ತ ಬಂದಿರುವರು. ಆದರೆ ಆ ಹುಳುವಿನ ಚರಿತ್ರೆಯನ್ನು ಬಲ್ಲವನು ಹಾಗೆ ಹಳಿಯಲಾರನು. ಅತ್ತಿ, ಆಲ, ಅರಳಿ, ಬಸರಿ, ಗೋಣಿ ಮೊದಲಾದ ಮರಗಳ ಸಂತತಿಯೆಲ್ಲವೂ ಅಂತಹ ಹುಳುಗಳ ಮೇಲೆಯೇ ನಿಂತಿರುವುದು. ಆ ಹುಳುಗಳ ಬಾಳುವೆಯಾದರೂ ಆ ಮರಗಳನ್ನು ಬಿಟ್ಟು ಬೇರೆಲ್ಲಿಯೂ ನಡೆಯದು.

ಅತ್ತಿಯ ಹೂವನ್ನು ಕಂಡವರಿಲ್ಲವೆಂಬ ಮಾತುಂಟು. ಹೂವು ಇಲ್ಲದೆ ಇಲ್ಲ. ಅದು ಒಳಗೆ ಅಡಗಿದೆ. ನಾವು ಕಾಯಿಯೆಂದು ಕರೆಯುವುದು ವಾಸ್ತವವಾಗಿ ಹೂಗಳ ಒಂದು ಚೀಲ. ಅದರ ಒಳಗೋಡೆಯ ತುಂಬ ಅತಿಸೂಕ್ಷ್ಮವಾದ ಹೂಗಳು. ತುದಿಯಲ್ಲಿ ಸೂಜಿ ತೂರುವಷ್ಟು ಬಾಯಿ. ಗಾಳಿಗಾಗಲಿ ಜೇನಿಗಾಗಲಿ ಅಲ್ಲಿ ಪ್ರವೇಶವಿಲ್ಲ. ಎಳ್ಳಿನ ಕಾಳಿನಷ್ಟಿರುವ ಕಣಜದ ಜಾತಿಯ ಹೆಣ್ಣು ಕೀಟವೊಂದು ಕಾಯಿಯ ವಾಸನೆಯನ್ನು ಹಿಡಿದು ಬಂದು, ಆ ಬಾಯಲ್ಲಿ ನುಸುಳುವಾಗ ತನ್ನ ರೆಕ್ಕೆಗಳನ್ನೇ ಕಳೆದುಕೊಂಡು ಒಳಹೊಗುತ್ತದೆ. ಹೊತ್ತು ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯನ್ನಿಟ್ಟು, ಅಲ್ಲಿಯೇ ಪ್ರಾಣ ಬಿಡುತ್ತದೆ. ಮೊಟ್ಟೆ ಬಿದ್ದ ಹೂವಿನಲ್ಲಿ ಮರಿ ಬೆಳೆಯುವುದು. ಉಳಿದವುಗಳಲ್ಲಿ ಬೀಜ ಕಟ್ಟುವುದು. ಇದೇ ಮರ ಕೊಡುವ ಕೂಲಿ, ಇದೇ ಹುಳು ಸಲ್ಲಿಸುವ ಗೇಣಿ.

ಕೆಲವು ವಾರಗಳ ತರುವಾಯ ಮೊದಲು ಹೊರಬರುವುದು ಗಂಡು. ಅದಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ಅವುಗಳಿಗೆ ದಾರಿ ಮಾಡಿಕೊಟ್ಟರೆ ಅದರ ಜನ್ಮ ಮುಗಿಯಿತು. ಹೆಣ್ಣುಗಳು ಆ ವೇಳೆಗೆ ಮಾಗಿದ ಗಂಡು ಹೂಗಳ ಪರಾಗವನ್ನು ತಮ್ಮ ಎದೆಯ ಸಂಚಿಗಳಲ್ಲಿ ತುಂಬಿಕೊಂಡು ಹಾರಿಹೋಗುತ್ತವೆ. ಅವುಗಳ ಆಯುಸ್ಸು ಒಂದೆರಡು ದಿನ ಮಾತ್ರ.

ಈ ಕುಲದಲ್ಲಿ ೭೫೦ಕ್ಕೂ ಮೇಲ್ಪಟ್ಟ ಜಾತಿಗಳಿವೆ. ಬಹುಮಟ್ಟಿಗೆ ಪ್ರತಿಯೊಂದು ಜಾತಿಗೂ ತನ್ನದೇ ಆದ ಕೀಟವುಂಟು. ಈ ಒಪ್ಪಂದಕ್ಕೆ ಸುಮಾರು ಏಳೂವರೆ ಕೋಟಿ ವರ್ಷಗಳಾದುವೆಂದು ಶಾಸ್ತ್ರಜ್ಞರು ಗಣಿಸಿರುವರು. ಅಂದರೆ ಹಿಮಾಲಯವು ಇನ್ನೂ ತಲೆಯೆತ್ತಿರದ ಕಾಲವದು. ಒಪ್ಪಂದವಿದ್ದಲ್ಲಿ ಕಳ್ಳರೂ ಇರುವರಷ್ಟೆ. ಪರಾಗವನ್ನು ತಾರದೆ, ಹೊರಗಿನಿಂದಲೇ ಕಾಯಿಯನ್ನು ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳಿವೆ. ಅಂತಹದೊಂದರ ಸೂಜಿಯ ತುದಿಯಲ್ಲಿ ಸತುವಿನ ಅಂಶವಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದರು. ಇನ್ನು ಹಣ್ಣಾದ ಮೇಲೆ ಮಂಗಟ್ಟೆ, ಕುಟ್ರಹಕ್ಕಿ, ಬಾವಲಿ, ಕೋತಿಗಳ ಸಂತರ್ಪಣೆ. ಬೇರೆ ಮರಗಳು ಬರಿದಾಗಿರುವ ಕಾಲದಲ್ಲಿಯೂ ಈ ಕುಲದ ಯಾವುದಾದರೊಂದು ಮರ ಫಲ ತಳೆದಿರುವುದರಿಂದ ಅರಣ್ಯಕ್ಕೆ ಇದೇ ಅನ್ನಛತ್ರ.

ಈಗ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೆ ಮಾಗುತ್ತವೆ. ಹೆಣ್ಣು ಕೀಟವು ಹೊರಬಿದ್ದಾಗ ಹುಟ್ಟಿದ ಮರದಲ್ಲಿ ಅದಕ್ಕೆ ತಕ್ಕ ಎಳೆಗಾಯಿ ದೊರೆಯುವುದು ಅಪರೂಪ. ಒಂದೆರಡು ದಿನಗಳೊಳಗೆ ಅದೇ ಜಾತಿಯ ಮತ್ತೊಂದು ಮರ, ಅದೂ ಸರಿಯಾದ ಹದದಲ್ಲಿ, ದೊರೆಯಲೇಬೇಕು. ಆಫ್ರಿಕದ ನಮೀಬಿಯದಲ್ಲಿ ಇಂತಹ ಕೀಟಗಳು ಗಾಳಿಯ ಮೇಲೇರಿ ೧೬೦ ಕಿಲೋಮೀಟರು ದೂರದವರೆಗೆ ಪರಾಗವನ್ನು ಒಯ್ದುದು ೨೦೦೯ರಲ್ಲಿ ಪ್ರಕಟವಾಯಿತು. ಆದರೆ ಗಾಳಿ ಒಯ್ದ ಕಡೆ ಮರವೇ ಇಲ್ಲದಿದ್ದರೆ ಏನು ಫಲ? ಆದುದರಿಂದ ಒಂಟಿ ಮರವು ಎಷ್ಟೇ ಹಿರಿದಾಗಿದ್ದರೂ ತನ್ನ ಒಕ್ಕಲನ್ನು ತಾನೊಂದೇ ಸಾಕಲಾರದು. ಸೀಮೆಯ ಉದ್ದಗಲಕ್ಕೂ ಮರಗಳು ಚದರಿರಬೇಕು.

ಈ ನಂಟು ಕಡಿದರೆ ಆಗುವುದೇನೆಂಬುದಕ್ಕೆ ದೃಷ್ಟಾಂತಗಳಿವೆ. ಬೋರ್ನಿಯೋ ದ್ವೀಪದ ಸರವಾಕದಲ್ಲಿ ೧೯೯೮ರ ಬರಗಾಲದಿಂದ ಈ ಕುಲದ ಕೆಲವು ಮರಗಳಲ್ಲಿ ಕಾಯಿ ಬಿಡುವುದು ನಿಂತು, ಅವುಗಳ ಕೀಟಗಳು ಆ ಪ್ರದೇಶದಲ್ಲಿ ನಿಶ್ಶೇಷವಾದವು. ಅಮೆರಿಕದ ಕ್ಯಾಲಿಫೋರ್ನಿಯದವರು ತುರ್ಕಿಯ ಸ್ಮರ್ನಾ ಅಂಜೂರವನ್ನು ತಂದು ನೆಟ್ಟಾಗ ವರ್ಷ ವರ್ಷವೂ ಕಾಯಿಗಳು ಹಣ್ಣಾಗದೆ ಉದುರಿದವು. ೧೮೯೯ರಲ್ಲಿ ಅದರ ಕೀಟವನ್ನೂ ತಂದು ನೆಲೆಗೊಳಿಸಿದ ಮೇಲೆಯೇ ಹಣ್ಣು ಕೈಗೆ ಬಂದಿತು. ಕೀಟವಿಲ್ಲದ ಮರವು ಬರಿಯ ನೆರಳೇ ಹೊರತು ವಂಶವಲ್ಲ.

ನಮ್ಮಲ್ಲಿ ರಸ್ತೆಯನ್ನು ಅಗಲಿಸುವಾಗ ಸಾಲುಮರಗಳನ್ನು ಉರುಳಿಸಿ, ಒಂದಕ್ಕೆ ಹತ್ತು ಸಸಿಗಳನ್ನು ನೆಡುವೆವೆಂದು ಅಧಿಕಾರಿಗಳು ಸಮಾಧಾನ ಹೇಳುವುದುಂಟು. ಲೆಕ್ಕದ ಪುಸ್ತಕದಲ್ಲಿ ಇದು ಲಾಭವಾಗಿ ತೋರೀತು. ಆದರೆ ಇಂದು ನೆಟ್ಟ ಸಸಿ ಕಾಯಿ ಬಿಡಲು ವರ್ಷಗಳು ಬೇಕು. ಇಂದು ಹಾರಿದ ಕೀಟಕ್ಕೆ ನಾಡಿದ್ದಿನವರೆಗೂ ವಾಯಿದೆಯಿಲ್ಲ. ಸಸಿಗಳಲ್ಲಿ ಆಲ, ಅರಳಿ, ಅತ್ತಿ ಎಷ್ಟೆಂಬುದನ್ನು ಕೇಳುವವರೂ ವಿರಳ. ಹುಲಿಕಲ್ಲಿಗೂ ಕುದೂರಿಗೂ ನಡುವೆ ಆಲದ ಸಾಲನ್ನು ನೆಟ್ಟು, ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದಿದವರು ನಕ್ಷೆ ಬರೆಯುವಾಗ ಅಷ್ಟು ವಿವೇಕವನ್ನಾದರೂ ತೋರಬೇಡವೆ?

ಪುರಸಭೆಗಳೂ ಲೋಕೋಪಯೋಗಿ ಇಲಾಖೆಯೂ ಮಾಡಬೇಕಾದುದು ಕಷ್ಟದ ಕೆಲಸವಲ್ಲ. ತಮ್ಮ ಎಲ್ಲೆಯೊಳಗೆ ಈ ಕುಲದ ಮರಗಳು ಎಲ್ಲೆಲ್ಲಿ ಇವೆಯೆಂದು ಪಟ್ಟಿ ಮಾಡಲಿ. ಕಡಿಯಲು ಅಪ್ಪಣೆ ಕೊಡುವ ಮುನ್ನ ಸಮೀಪದಲ್ಲಿ ಅದೇ ಜಾತಿಯ ಫಲ ಬಿಡುವ ಮರಗಳು ಉಳಿಯುವುವೇ ಎಂದು ವಿಚಾರಿಸಲಿ. ಉಳಿಯವೆಂದಾದರೆ ರಸ್ತೆಯೇ ನಾಲ್ಕು ಮಾರು ಸರಿಯಲಿ. ಏಳೂವರೆ ಕೋಟಿ ವರ್ಷ ನಡೆದುಬಂದ ಒಕ್ಕಲುತನವನ್ನು ಒಂದು ರುಜುವಿನಿಂದ ಒಕ್ಕಲೆಬ್ಬಿಸುವ ಅಧಿಕಾರವನ್ನು ಯಾವ ಸರ್ಕಾರವೂ ಯಾರಿಗೂ ಕೊಟ್ಟಂತಿಲ್ಲ.