ಸುತ್ತೋಲೆ ಓದಿಸಿದ ಹುಡುಗ

ಸಾಲದ ಕಂತಿನ ಸುತ್ತೋಲೆ ಮೊಬೈಲಿಗೆ ಬಂದಿತ್ತು. ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಗಡುವು ಯಾವಾಗ?

ರಾಮಗಿರಿಯ ನಮ್ಮ ನೆರೆಮನೆಯ ಹುಡುಗ ವೆಬ್ ವಿನ್ಯಾಸ ಕಲಿಯುತ್ತಿದ್ದಾನೆ. ಹಳೆಯ ಫೋನು, ಗಣಕಯಂತ್ರ ಬಿಚ್ಚಿ ಜೋಡಿಸುವುದೇ ಅವನ ದಿನಚರಿ. ಅಡಿಕೆ ಸುಲಿಯುವ ಹೊತ್ತಿಗೆ ಮಾತ್ರ ಕೈಗೆ ಸಿಗುವುದಿಲ್ಲ. ಅವನೇ ಕಾರಣ ಹೇಳಿದ: ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಯೂನಿಕೋಡಿನಲ್ಲಾದರೆ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ, ‘ಅ’ಕಾರದ್ದು 3205.

ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಸುತ್ತೋಲೆಯನ್ನು ಬದಲಿಸಿಕೊಟ್ಟ. ಎರಡು ಒತ್ತಕ್ಷರ ಕೆಟ್ಟಿದ್ದವು, ತಿದ್ದಿದೆವು. ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಹಳೆಯ ಕಡತ ಬದಲಿಸುವವರು ಮೊತ್ತ, ತಾರೀಖುಗಳನ್ನು ಮೂಲದೊಂದಿಗೆ ತಾಳೆ ನೋಡಿರಿ, ಮೂಲವನ್ನು ಅಳಿಸಬೇಡಿರಿ.