ಇಪ್ಪತ್ತೊಂದು ಗೇರ್ ಎಂಬ ಮೂಢನಂಬಿಕೆ

‘ಮಂಗಳೂರಲ್ಲಿ ಗೇರ್ ಇಲ್ಲದ ಸೈಕಲ್ಲಾ? ಆಗ್ಲಿಕ್ಕಿಲ್ಲ ಮಾರಾಯ್ರೆ.’ ಈ ಮಾತನ್ನು ಸೈಕಲ್ ಅಂಗಡಿಯಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಹಂಪನಕಟ್ಟೆಯಲ್ಲಿ ಪಕ್ಕಕ್ಕೆ ಬಂದು ನಿಂತ ಸ್ಕೂಟರಿನವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿದವರಲ್ಲ. ಆದರೂ ದನಿಯಲ್ಲಿ ಅನುಮಾನದ ಸುಳಿವೇ ಇರುವುದಿಲ್ಲ. ಊರು ತುಂಬ ಗುಡ್ಡೆ, ಗುಡ್ಡೆಗೆ ಗೇರ್ ಬೇಕು, ಗೇರ್ ಇದ್ದರೆ ಶ್ರಮವೇ ಇಲ್ಲ, ಇಲ್ಲದಿದ್ದರೆ ಮಂಡಿ ಸವೆದು ಹೋಗುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತು.

ಊರು ತುಂಬ ಗುಡ್ಡೆ ಎನ್ನುವ ಮಟ್ಟಿಗೆ ನಿಜ. ಬಂದರಿನ ಕಡೆಯಿಂದ ಪೂರ್ವಕ್ಕೆ ಹೊರಟವನಿಗೆ ಬಾವುಟಗುಡ್ಡೆ ತಪ್ಪಿದರೆ ಕದ್ರಿ, ಕದ್ರಿ ತಪ್ಪಿದರೆ ಇನ್ನೊಂದು. ಒಂದು ಚಡಾವು ಮುಗಿಸಿ ಉಸಿರು ಬಿಡುವಷ್ಟರಲ್ಲಿ ರಸ್ತೆ ಸರ್ರನೆ ಇಳಿದು, ಗಳಿಸಿದ ಎತ್ತರವನ್ನೆಲ್ಲ ಕಳೆದು, ಮತ್ತೆ ಮೊದಲಿನಿಂದ ಹತ್ತು ಎನ್ನುತ್ತದೆ. ಆದರೆ ಇದೇ ರಸ್ತೆಗಳಲ್ಲಿ ಅಂಚೆಯವರು ಕಾಗದ ಹಂಚಿದ್ದು, ಮೀನಿನವರು ಕ್ಯಾರಿಯರಿಗೆ ಪೆಟ್ಟಿಗೆ ಬಿಗಿದು ಪೋಂ ಪೋಂ ಎನ್ನಿಸುತ್ತ ಬಂದದ್ದು ಯಾವ ಸೈಕಲ್ಲಿನಲ್ಲಿ? ಕಪ್ಪು ಬಣ್ಣದ, ಇಪ್ಪತ್ತು ಕಿಲೋ ತೂಗುವ, ಒಂದೇ ಗೇರಿನ ಸೈಕಲ್ಲಿನಲ್ಲಿ. ತೀರಾ ಕಡಿದಾದಲ್ಲಿ ಇಳಿದು ತಳ್ಳಿದರು, ಉಳಿದಲ್ಲಿ ತುಳಿದರು.

ಗೇರ್ ಶ್ರಮ ಕಡಿಮೆ ಮಾಡುತ್ತದೆ ಎಂಬ ಮಾತಿಗೆ ಬರೋಣ. ಎಪ್ಪತ್ತು ಕಿಲೋದ ಮನುಷ್ಯ, ಇಪ್ಪತ್ತು ಕಿಲೋದ ಸೈಕಲ್, ಒಟ್ಟು ತೊಂಬತ್ತು. ಇಷ್ಟನ್ನು 50 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 44 ಕಿಲೋಜೂಲ್ ಶಕ್ತಿ ಬೇಕು. ಗೇರ್ ಒಂದಿರಲಿ, ಇಪ್ಪತ್ತೊಂದಿರಲಿ, ಈ ಲೆಕ್ಕದಲ್ಲಿ ಒಂದು ಪೈಸೆಯ ರಿಯಾಯಿತಿ ಇಲ್ಲ. ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ದೇಹ ಪೆಡಲಿಗೆ ದಾಟಿಸುತ್ತದೆ; ಅದನ್ನೂ ಸೇರಿಸಿಕೊಂಡರೆ ಖರ್ಚು ಹೆಚ್ಚುಕಡಿಮೆ ಒಂದು ಇಡ್ಲಿ. ಒಂದು ಇಡ್ಲಿಯ ಕೆಲಸಕ್ಕೆ ಇಷ್ಟೊಂದು ಭಯ!

ಹಾಗಾದರೆ ಗೇರ್ ಮಾಡುವುದೇನು? ಅದೇ ಕೆಲಸವನ್ನು ಸಣ್ಣ ಸಣ್ಣ ಕಂತಾಗಿ ಒಡೆದು ಕೊಡುತ್ತದೆ, ಅಷ್ಟೆ. ಮಾಮೂಲಿ ಕಪ್ಪು ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಪೆಡಲ್ ತಾನು ಸುತ್ತುವ ದಾರಿ ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಂದರೆ ರಸ್ತೆ ಹಿಂದಕ್ಕೆ ಎಳೆಯುವ ಭಾರದ ಐದರಷ್ಟನ್ನು ನೀವು ತುಳಿಯಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ಚಡಾವಿನಲ್ಲಿ, ಟೈರಿನ ತಿಕ್ಕಾಟವೂ ಸೇರಿ, ಆ ಎಳೆತ ಎಂಟು ಕಿಲೋ. ತುಳಿಯಬೇಕಾದದ್ದು ಸರಾಸರಿ ನಲವತ್ತು ಕಿಲೋ. ಪೆಡಲ್ ಅಡ್ಡಕ್ಕೆ ಬಂದು ಒತ್ತಡ ಅತಿ ಹೆಚ್ಚಾಗುವ ಕ್ಷಣದಲ್ಲಿ ಅರವತ್ತು ಚಿಲ್ಲರೆ.

ಸೀಟಿನ ಮೇಲೆ ಕುಳಿತು ಅರವತ್ತು ಕಿಲೋ ತುಳಿಯುವುದು ಕಷ್ಟ. ಎದ್ದು ನಿಲ್ಲಿ. ಎಪ್ಪತ್ತು ಕಿಲೋದ ಮೈಭಾರ ತಾನಾಗಿ ಪೆಡಲಿನ ಮೇಲೆ ಬೀಳುತ್ತದೆ. ಚಡಾವಿನಲ್ಲಿ ಶಾಲೆ ಹುಡುಗರು ಎದ್ದು ನಿಂತು ಆ ಕಡೆ ಈ ಕಡೆ ತೂಗಾಡುತ್ತ ತುಳಿಯುತ್ತಾರಲ್ಲ, ಅದು ಇದೇ ಲೆಕ್ಕ. ಅವರು ಕಾಗದದ ಮೇಲೆ ಬರೆದಿಲ್ಲ, ಅಷ್ಟೆ. ತೂಕ ಕಡಿಮೆಯಿದ್ದವರು ಹ್ಯಾಂಡಲನ್ನು ಮೇಲಕ್ಕೆಳೆದು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ.

ಅದೂ ಬೇಡವೆಂದರೆ ಫ್ರೀವೀಲ್ ಬದಲಿಸಿ. ಹದಿನೆಂಟು ಹಲ್ಲಿನ ಜಾಗಕ್ಕೆ ಇಪ್ಪತ್ತೆರಡು ಹಲ್ಲಿನದು, ಚೈನಿಗೆ ಒಂದೆರಡು ಲಿಂಕ್ ಹೆಚ್ಚು. ಸೈಕಲ್ ರಿಪೇರಿಯವರು ನಿಂತ ನಿಲುವಿನಲ್ಲಿ ಮಾಡಿಕೊಡುವ ಕೆಲಸ. ನಲವತ್ತು ಕಿಲೋದ ಸರಾಸರಿ ಮೂವತ್ತಮೂರಕ್ಕೆ ಇಳಿಯುತ್ತದೆ. ಸ್ಪೀಡ್ ಹೋಗುತ್ತದಲ್ಲ ಎನ್ನಬೇಡಿ: ನಿಮಿಷಕ್ಕೆ ಎಂಬತ್ತು ಸುತ್ತು ತುಳಿದರೆ ಆಗಲೂ ಗಂಟೆಗೆ 21 ಕಿಲೋಮೀಟರ್ ಸಿಗುತ್ತದೆ. ಪೇಟೆಯ ನೂಕುನುಗ್ಗಲಿನಲ್ಲಿ ಅದಕ್ಕಿಂತ ಹೆಚ್ಚು ಓಡಿಸುವ ಜಾಗ ಎಲ್ಲಿದೆ, ತೋರಿಸಿ. (ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ಸೈಕಲ್ ಜೋರಾಗಿ ಓಡುತ್ತದೆ ಎಂದು ನಂಬಿರುವವರೂ ಇದ್ದಾರೆ. ತಿರುಗಾಮುರುಗಾ.)

ಗೇರ್ ಸೈಕಲ್ಲಿನ ಪಕ್ಷವನ್ನೂ ಹೇಳಬೇಕು. ಮುಂದೆ 24, ಹಿಂದೆ 28 ಹಲ್ಲಿಗೆ ಇಳಿಸಿದರೆ ಅದೇ ಚಡಾವಿನಲ್ಲಿ ಕಾಲಿಗೆ ಬೀಳುವ ಸರಾಸರಿ ಭಾರ ಹದಿಮೂರು ಕಿಲೋ. ಸುಖ. ಆದರೆ ಅಷ್ಟೇ ದೂರಕ್ಕೆ ಮೂರು ಪಟ್ಟು ಸುತ್ತು ತುಳಿಯಬೇಕು, ವೇಗ ಗಂಟೆಗೆ ಏಳು ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. ಗೇರಿನವನು ನಿಧಾನವಾಗಿ ಹತ್ತಬಹುದು. ಒಂದೇ ಗೇರಿನವನಿಗೆ ನಿಧಾನ ಮಾಡುವ ಅವಕಾಶವಿಲ್ಲ. ಒಂದೆರಡು ನಿಮಿಷ ಜೋರು ಮಾಡಿ ಮುಗಿಸಬೇಕು. ಅರ್ಧ ಗಂಟೆ ಬಿಡದೆ ಏರುವ ಚಾರ್ಮಾಡಿಯಂಥ ಘಾಟಿಗೆ ನಾನೂ ಗೇರ್ ಎನ್ನುತ್ತೇನೆ. ಮಂಗಳೂರಿನ ಚಡಾವುಗಳು ಹಾಗಿಲ್ಲ, ನಿಮಿಷಗಳಲ್ಲಿ ಮುಗಿದುಹೋಗುತ್ತವೆ.

ಇಷ್ಟಕ್ಕೂ ಘಾಟಿಯೂ ಅಸಾಧ್ಯವೇನಲ್ಲ. ಟೂರ್ ದ ಫ್ರಾನ್ಸ್ ರೇಸು 1910ರಲ್ಲಿ ಪಿರನೀಸ್ ಪರ್ವತಗಳಿಗೆ ಹೋಯಿತು, 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯನ್ನು ಹಾದು. ಅಂದಿನ ರಸ್ತೆಗೆ ಡಾಂಬರಿಲ್ಲ. ಚೈನನ್ನು ಹಲ್ಲಿನಿಂದ ಹಲ್ಲಿಗೆ ಹಾರಿಸುವ ಇಂದಿನ ತರಹದ ಗೇರಿಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂಚಕ್ರದ ಎರಡು ಮಗ್ಗುಲಲ್ಲೂ ಹಲ್ಲುಚಕ್ರ ಕೂರಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ತಳ್ಳಿಕೊಂಡು ಹೋದವರೂ ಇದ್ದರು. ‘ಆಗ್ಲಿಕ್ಕಿಲ್ಲ’ ಎಂದು ಅವರು ಕೈಕಟ್ಟಿ ಕೂರಲಿಲ್ಲ.

ಈಗ ಆ ಇಪ್ಪತ್ತೊಂದರ ಮಹಿಮೆ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21, ಫ್ರೇಮಿನ ಮೇಲೆ ಸ್ಟಿಕ್ಕರ್. ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28ರವರೆಗೆ ಇದ್ದರೆ ಭಾಗಿಸಿ ನೋಡಿ. 42ಕ್ಕೆ 28 ಜೊತೆ ಮಾಡಿದರೆ ಒಂದೂವರೆ. 24ಕ್ಕೆ 16 ಜೊತೆ ಮಾಡಿದರೂ ಒಂದೂವರೆ. 34ಕ್ಕೆ 22 ಜೊತೆ ಮಾಡಿದರೆ ಒಂದೂವರೆಗಿಂತ ಕೂದಲೆಳೆಯಷ್ಟು ಹೆಚ್ಚು. ಒಂದೇ ಗೇರನ್ನು ಮೂರು ಸಲ ಮಾರಿದ್ದಾರೆ, ನೀವು ಮೂರು ಸಲ ಕೊಂಡಿದ್ದೀರಿ. ಚಡಾವಿನಲ್ಲಿ ಕೆಲಸಕ್ಕೆ ಬರುವುದು ಮುಂದಿನ ಅತಿ ಸಣ್ಣ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ ಎಷ್ಟೆಷ್ಟು ಹಲ್ಲು ಎಂಬುದೊಂದೇ. ಅದನ್ನು ಎಣಿಸಿ ಕೊಳ್ಳುವ ಗಿರಾಕಿಯನ್ನು ನಾನಿನ್ನೂ ನೋಡಿಲ್ಲ.

ಇದು ಸೈಕಲ್ಲಿಗೆ ನಿಲ್ಲುವ ಕಾಯಿಲೆಯಲ್ಲ. ಫೋನಿನ ಕ್ಯಾಮೆರಾಕ್ಕೆ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುತ್ತಾರೆ, ಲೆನ್ಸ್ ಎಂಥದ್ದು ಎಂದು ಕೇಳುವುದಿಲ್ಲ. ನೀರಿನ ಫಿಲ್ಟರ್ ಮಾರುವವನು ಲೋಟದಲ್ಲಿ ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸಿದ ಕೂಡಲೇ ಬಾವಿಯ ನೀರು ವಿಷವಾಗಿಬಿಡುತ್ತದೆ. ಆ ಮೀಟರ್ ಕರಗಿದ ಲವಣವನ್ನು ಲೆಕ್ಕ ಹಾಕುತ್ತದೆಯೇ ಹೊರತು ಕಾಯಿಲೆ ತರುವ ಕ್ರಿಮಿಯನ್ನಲ್ಲ ಎಂದು ಮನೆಯಲ್ಲಿರುವ ಬಿಎಸ್ಸಿ ಪದವೀಧರರಿಗೂ ಹೊಳೆಯುವುದಿಲ್ಲ. ತಾಯಿತ ಕಟ್ಟಿದವನನ್ನು ನೋಡಿ ನಗುವ ಜನವೇ ಇವರು. ಇವರ ತಾಯಿತದ ಮೇಲೆ ಅಂಕಿ ಬರೆದಿರುತ್ತದೆ, ಅಷ್ಟೇ ವ್ಯತ್ಯಾಸ. ಮಂತ್ರವಾದಿಯಾದರೂ ಕಂತಿನಲ್ಲಿ ಬಡ್ಡಿ ಹಾಕುವುದಿಲ್ಲ.

ಇನ್ನು ಚಿಲ್ಲರೆ ನಂಬಿಕೆಗಳು. ಮಂಡಿ ಸವೆಯುತ್ತದೆ ಎನ್ನುವವರ ಸೀಟು ನೋಡಿ: ಎರಡು ಪಾದವೂ ನೆಲಕ್ಕೆ ತಾಗಬೇಕೆಂದು ತಗ್ಗಿಸಿಟ್ಟಿರುತ್ತಾರೆ, ಮಂಡಿ ಪೂರ್ತಿ ಚಾಚುವುದೇ ಇಲ್ಲ, ಗೇರ್ ಎಷ್ಟಿದ್ದರೂ ನೋವು ಬರುತ್ತದೆ. ಆಗಲೇ ಮಂಡಿನೋವು ಇರುವವರು ಮಾತ್ರ ಭಾರದ ತುಳಿತಕ್ಕೆ ಹೋಗಬಾರದು, ಅದು ಸರಿ. ದಪ್ಪ ಟೈರು, ಮುಂದೆ ಹಿಂದೆ ಸ್ಪ್ರಿಂಗು ಇದ್ದರೆ ಗುಡ್ಡೆಗೆ ಒಳ್ಳೆಯದಂತೆ. ಎದ್ದು ನಿಂತು ತುಳಿದರೆ ಆ ಸ್ಪ್ರಿಂಗು ನಿಮ್ಮ ಶಕ್ತಿಯಲ್ಲಿ ತನ್ನ ಪಾಲು ನುಂಗುತ್ತ ಕುಪ್ಪಳಿಸುತ್ತದೆ.

ಫಿಕ್ಸಿ ಹುಡುಗರದ್ದು ಬೇರೆಯೇ ಪುರಾಣ. ಅವರ ಸೈಕಲ್ಲಿಗೆ ಫ್ರೀವೀಲ್ ಇಲ್ಲ, ಹಿಂಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಿರಬೇಕು. ಅದರಿಂದ ಚಡಾವಿನಲ್ಲಿ ಚಕ್ರವೇ ಕಾಲನ್ನು ತಳ್ಳಿ ಹತ್ತಿಸುತ್ತದಂತೆ. ಚಕ್ರಕ್ಕೆ ಆ ಶಕ್ತಿ ಕೊಟ್ಟವರು ಯಾರು? ನೀವೇ. ಕೊಟ್ಟದ್ದನ್ನೇ ವಾಪಸು ಪಡೆದರೆ ಅದು ಲಾಭವಲ್ಲ. ಅವರ ನಿಜವಾದ ಕಷ್ಟ ಇಳಿಯುವಾಗ: 44ಕ್ಕೆ 18ರ ಲೆಕ್ಕದಲ್ಲಿ ಗಂಟೆಗೆ ನಲವತ್ತರ ವೇಗದಲ್ಲಿ ಇಳಿದರೆ ನಿಮಿಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಸುತ್ತು ಕಾಲು ತಿರುಗಬೇಕು, ನಿಲ್ಲಿಸುವ ಹಾಗಿಲ್ಲ. ಹಾಗಿದ್ದೂ ಬ್ರೇಕ್ ಬಿಚ್ಚಿಸುವುದು ಕೆಲವರಿಗೆ ಶೋಕಿ. ಬ್ರಿಟನ್ನಿನ ಕಾನೂನು ಫಿಕ್ಸಿಯ ಹಿಂಚಕ್ರವನ್ನೇ ಒಂದು ಬ್ರೇಕ್ ಎಂದು ಒಪ್ಪಿಕೊಂಡರೂ ಮುಂದಿನ ಚಕ್ರಕ್ಕೆ ಬ್ರೇಕ್ ಕಡ್ಡಾಯ ಎನ್ನುತ್ತದೆ.

ಮುಂದಿನ ಬ್ರೇಕ್ ಎಂದೊಡನೆ ನೆನಪಾಯಿತು. ಅದನ್ನು ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂದು ನಮ್ಮಲ್ಲಿ ಬೇಕೆಂದೇ ಸಡಿಲ ಬಿಡುವವರಿದ್ದಾರೆ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ, ನೆಲದ ಹಿಡಿತವೂ ಅಲ್ಲೇ ಹೆಚ್ಚು. ಹಿಂದಿನದೊಂದನ್ನೇ ನಂಬಿದರೆ ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ ಇಮ್ಮಡಿ. ಮೈಯನ್ನು ತುಸು ಹಿಂದಕ್ಕೆ ಸರಿಸಿ ಎರಡನ್ನೂ ಹದವಾಗಿ ಹಿಡಿಯಬೇಕು. ಅದರಲ್ಲೂ ಹಳೆಯ ಸೈಕಲ್ಲಿನ ಸ್ಟೀಲ್ ರಿಮ್ ಆಟಿ ತಿಂಗಳ ಮಳೆಯಲ್ಲಿ ನೆನೆದರೆ ಮೊದಲ ಕೆಲವು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ. ಇಳಿಜಾರಿನ ನೆತ್ತಿಯಲ್ಲೇ ಬ್ರೇಕನ್ನು ಮೆಲ್ಲಗೆ ಒತ್ತಿ, ರಬ್ಬರಿನಿಂದ ರಿಮ್ಮಿನ ನೀರು ಒರೆಸಿಕೊಂಡು ಆಮೇಲೆ ಇಳಿಯಬೇಕು. ನನ್ನ ಸೈಕಲ್ ನೋಡಿ ಹತ್ತುವುದು ಹೇಗೆ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಇಳಿಯುವುದು ಹೇಗೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.